ನಮ್ಮ ಸಾಲಿಗೆ ಬಂದು ಕೂತ ಸಾತಪ್ಪ

ಸಾತಪ್ಪ ಬನಹಟ್ಟಿಗೆ ಬಂದದ್ದು ಅವನ ಊರಿಗೆ ಆಲಮಟ್ಟಿಯ ಹಿನ್ನೀರು ಏರಿದ ವರ್ಷ. ಬೀಳಗಿ ತಾಲೂಕಿನಲ್ಲಿ ಹೊಳೆದಂಡೆಯ ಊರು ಅವನದು. ಸ್ವಂತ ಹೊಲ ಇರಲಿಲ್ಲ, ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ. ಪುನರ್ವಸತಿ ಕೇಂದ್ರದಲ್ಲಿ ಮನೆಗೆ ಜಾಗ ಸಿಕ್ಕಿತು, ಕೆಲಸ ಸಿಗಲಿಲ್ಲ. ಅಣ್ಣ ಬಸಗೊಂಡಪ್ಪ ಅಲ್ಲೇ ಉಳಿದ. ಸಾತಪ್ಪ ಹೆಂಡತಿ ತಂಗೆವ್ವನನ್ನೂ ಎರಡು ವರ್ಷದ ಮಗಳು ಕಾವ್ಯಳನ್ನೂ ಕರಕೊಂಡು ಮಗ್ಗದ ಊರಿಗೆ ಬಂದ.

ನಾನು ಆಗ ಪವರ್‌ಲೂಮ್ ಕಾರ್ಖಾನೆಯೊಂದರಲ್ಲಿ ನೇಯುತ್ತಿದ್ದೆ. ಮೂರು ದಿನ ಅವನು ಬಾಗಿಲ ಹೊರಗೆ ಬಂದು ನಿಂತು ಹೋದ. ಗುರುತಿನವರು ಹೇಳದೆ ಇಲ್ಲಿ ಯಾರಿಗೂ ಮಗ್ಗ ಕೊಡುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ ನಾನೇ ಒಳಗೆ ಕರೆದೆ. ನೂಲು ಸುತ್ತಿದ ಕಂಡಿಕಿಯನ್ನು ಲಾಳಿಗೆ ಹಾಕುವುದು, ಹರಿದ ಎಳೆ ಕೂಡಿಸುವುದು ಎಲ್ಲ ಕಲಿಸಿದೆ. ಎರಡು ತಿಂಗಳಲ್ಲಿ ಕೈ ಕುದುರಿತು, ಆದರೂ ಅವನಿಗೆಂದು ಮಗ್ಗ ಸಿಗದೆ ನನ್ನ ಕೈಕೆಳಗೇ ದುಡಿಯುತ್ತಿದ್ದ.

ವಾರದ ಪಗಾರದ ದಿನ ಸಂಜೆ ನಾವು ನಾಲ್ಕು ಮಂದಿ ನೇಕಾರರು ಚಿಮ್ಮಡ ರಸ್ತೆಯ ಸಾರಾಯಿ ಅಂಗಡಿಯ ಹಿಂದೆ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದೆವು. ನಮ್ಮಲ್ಲಿ ಶಿದ್ರಾಮಪ್ಪ ಹಿರಿಯ, ತುಕಾರಾಮ ಕಿರಿಯ. ಯಾವ ಕಾರ್ಖಾನೆಯಲ್ಲಿ ಮಗ್ಗ ಖಾಲಿ ಇದೆ, ಯಾರ ಓಣಿಯಲ್ಲಿ ಬಾಡಿಗೆ ಮನೆ ಇದೆ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಸಾತಪ್ಪನನ್ನೂ ಕರಕೊಂಡು ಹೋದೆ. ಅವನು ಕುಡಿಯದೆ ಶೇಂಗಾ ತಿನ್ನುತ್ತ ಒಂದು ಬದಿಗೆ ಕೂತ. ಏನಾದರೂ ವ್ರತವೇ ಎಂದು ಶಿದ್ರಾಮಪ್ಪ ಕೇಳಿದ. ಹಾಗೇನಿಲ್ಲ ಎಂದ ಸಾತಪ್ಪ.

“ನಮ್ಮ ಓಣ್ಯಾಗ ಯಾರೂ ಕುಡೀತಿದ್ದಿಲ್ಲರಿ. ಸಂಜೀಕ ಎಲ್ಲಾರೂ ಭಜನಿಗೆ ಕೂಡ್ತಿದ್ದಿವಿ. ಕುಡೀಬೇಕು ಅಂತ ನನಗ ಯಾವತ್ತೂ ಅನಿಸಿದ್ದಿಲ್ಲ.”

ಭಜನೆಯಲ್ಲಿ ಅವನು ತಾಳ ಹಾಕುತ್ತಿದ್ದನಂತೆ. ಆ ಭಜನೆಯವರೆಲ್ಲ ಈಗ ಒಬ್ಬೊಬ್ಬರು ಒಂದೊಂದು ಕಡೆ.

ಕುಡಿಯದವನು ಕುಡಿಯುವವರ ನಡುವೆ ಕೂತರೆ ಮಾತು ಸಲೀಸಾಗಿ ಹರಿಯುವುದಿಲ್ಲ. ನಾವು ಅವನನ್ನು ದೂರ ಮಾಡಲಿಲ್ಲ, ಆದರೆ ಅವನು ಬೇಗ ಎದ್ದು ಹೋಗುತ್ತಿದ್ದ, ನಾವೂ ಕೂಡು ಎನ್ನುತ್ತಿರಲಿಲ್ಲ. ಒಂದು ಸಲ ಅವನು ಹೋದ ಮೇಲೆ ಎರಡು ಮಗ್ಗ ಖಾಲಿ ಆದ ಸುದ್ದಿ ಬಂತು. ಶಿದ್ರಾಮಪ್ಪ ಅದನ್ನು ಅಲ್ಲಿ ಕೂತಿದ್ದ ಬೇರೊಬ್ಬನಿಗೆ ಹೇಳಿದ. ಮರುದಿನ ಸಾತಪ್ಪನಿಗೆ ಗೊತ್ತಾಯಿತು. ಮುಂದಿನ ಪಗಾರದ ದಿನ ಅವನು ಎಲ್ಲರೂ ಏಳುವ ತನಕ ಕೂತೇ ಇದ್ದ. ನಾನು ಗ್ಲಾಸು ಅವನ ಕೈಗೆ ಕೊಟ್ಟೆ.

“ತಗೋಳೋ. ಊರು ನೀರಾಗ ಹೋದ್ರ ಹೋತು, ನಾವಿಲ್ಲೇನು ನಿನಗ?”

ಅವನು ಒಂದೇ ಸಲಕ್ಕೆ ಕುಡಿದು ಕೆಮ್ಮಿದ. ಎಲ್ಲರೂ ನಕ್ಕರು. ಶಿದ್ರಾಮಪ್ಪ ಬೆನ್ನು ಸವರಿದ. ಆ ದಿನ ಸಾತಪ್ಪನ ಮುಖ ಅರಳಿದ್ದನ್ನು ಮೊದಲ ಸಲ ಕಂಡೆ. ತಿಂಗಳೊಳಗೆ ಅವನಿಗೂ ಎರಡು ಮಗ್ಗ ಸಿಕ್ಕವು.

ಕಾವ್ಯಳಿಗೆ ನಾಲ್ಕು ವರ್ಷ ಇದ್ದಾಗ ಜ್ವರ ಬಂದು ರಕ್ತ ಕಡಿಮೆಯಾಗಿ ಜಮಖಂಡಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ತುಕಾರಾಮ ರಕ್ತ ಕೊಟ್ಟ. ಶಿದ್ರಾಮಪ್ಪನ ಹೆಂಡತಿ ಮಾಯವ್ವ ಎಂಟು ದಿನ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಒಯ್ದಳು. ಗಂಡನ ಕುಡಿತದ ಬಗ್ಗೆ ತಂಗೆವ್ವ ನಮಗೆ ಒಂದು ಮಾತೂ ಹೇಳಲಾರದೆ ಹೋದದ್ದು ಇದಕ್ಕೇ. ಮಗಳಿಗೆ ರಕ್ತ ಕೊಟ್ಟ ಮನುಷ್ಯ ಬಾಗಿಲಿಗೆ ಬಂದು ಗಂಡನನ್ನು ಕರೆದರೆ ಬೇಡ ಎನ್ನುವುದು ಹೇಗೆ ಎಂದು ಎಷ್ಟೋ ವರ್ಷದ ಮೇಲೆ ನನ್ನ ಮುಂದೆ ಅಂದಳು.

ಸರಕಾರ ಸಾರಾಯಿ ಬಂದ್ ಮಾಡಿದಾಗ ಮೂರು ವಾರ ನಾವು ಯಾರೂ ಕೂಡಲಿಲ್ಲ. ಆಗಲೇ ಬಿಡಬಹುದಿತ್ತು. ಆದರೆ ತುಕಾರಾಮ ಬ್ರಾಂಡಿ ಅಂಗಡಿಯ ದಾರಿ ತೋರಿಸಿದ, ಅದೇ ಗಿಡದ ಕೆಳಗೆ ಮತ್ತೆ ಕೂಡಿದೆವು. ನಾವು ವಾರಕ್ಕೊಮ್ಮೆ ಕುಡಿದರೆ ಸಾತಪ್ಪ ದಿನಾ ಕುಡಿಯತೊಡಗಿದ. ಕೈ ನಡುಗಿ ಎಳೆ ಕೂಡಿಸಲು ಬಾರದಾಯಿತು. ಕಣ್ಣು ಹಳದಿಯಾದವು. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು.

ಅವನು ಬಿಟ್ಟ. ನಾಲ್ಕು ತಿಂಗಳು ಮುಟ್ಟಲಿಲ್ಲ. ಕೆಲಸ ಮುಗಿಸಿ ನೆಟ್ಟಗೆ ಮನೆಗೆ ಹೋಗಿ ಹೊಸ್ತಿಲ ಮೇಲೆ ಕೂಡುತ್ತಿದ್ದ. ನಾವು ಯಾರೂ ಅತ್ತ ಹೋಗಲಿಲ್ಲ. ಸಿಟ್ಟೇನೂ ಇರಲಿಲ್ಲ. ಗಿಡದ ಕೆಳಗೆ ಬಿಟ್ಟರೆ ಬೇರೆ ಕಡೆ ಕೂಡಿ ನಮಗೆ ರೂಢಿಯೇ ಇರಲಿಲ್ಲ. ಒಂದು ದಿನ ತಂಗೆವ್ವ ನನ್ನ ಮನೆಗೆ ಬಂದಳು.

“ಅಣ್ಣಾರ, ಸಂಜೀಕ ಒಂದೀಟು ಮನಿಗೆ ಬಂದು ಕುಂತು ಹೋಗ್ರಿ. ಚಾ ಮಾಡ್ತೇನಿ. ಅವರು ದಾರಿ ನೋಡ್ಕೋತ ಕುಂತಿರ್ತಾರು.”

ಹೋದೆ. ತಂಗೆವ್ವ ಚಹಾ ಕೊಟ್ಟಳು. ಎಂಟು ವರ್ಷ ಜೋಡಿಯಾಗಿ ಕೂತವರು, ಕೈಯಲ್ಲಿ ಗ್ಲಾಸಿಲ್ಲದೆ ಕೂತದ್ದು ಅದೇ ಮೊದಲು. ಅವನು ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಿದ. ಶಿದ್ರಾಮಪ್ಪನ ಮೊಣಕಾಲು ನೋವು, ತುಕಾರಾಮನ ಹೊಸ ಮೋಟರ್ ಸೈಕಲ್, ಎಲ್ಲ ಕೇಳಿದ. ನಾನು ಎದ್ದಾಗ ನಾಳೆ ಬರುತ್ತೀಯಾ ಅಂದ. ಬರುತ್ತೇನೆ ಅಂದೆ. ಮರುದಿನ ಪಗಾರ ಇತ್ತು, ನಾನು ಗಿಡದ ಕಡೆ ಹೋದೆ. ಆಮೇಲೆ ಹೋಗಲು ನಾಚಿಕೆಯಾಯಿತು.

ಮೂರು ವಾರದ ಮೇಲೆ ಸಾತಪ್ಪ ತಾನೇ ನಡೆದುಕೊಂಡು ಬಂದ. ಸುಮ್ಮನೆ ಕೂತು ಹೋಗುತ್ತೇನೆ ಅಂದ. ಶಿದ್ರಾಮಪ್ಪ ಅವನಿಗೆ ಸೋಡಾ ತರಿಸಿದ. ಎರಡು ಪಗಾರದ ದಿನ ಸೋಡಾ ಕುಡಿದ. ಮೂರನೆಯ ಸಲ ಅವನ ಕೈ ನನ್ನ ಗ್ಲಾಸಿನತ್ತ ಬಂತು. ನಾನು ಕಂಡೆ. ಬೇಡ ಅನ್ನಲಿಲ್ಲ.

ಮುಂದಿನ ಬೇಸಿಗೆ ಅವನು ತೀರಿಕೊಂಡ. ಬಸಗೊಂಡಪ್ಪ ಟೆಂಪೊದಲ್ಲಿ ಹಳೆಯ ಭಜನೆಯವರನ್ನು ಕರೆತಂದ. ಅವರು ಇಡೀ ದಾರಿ ಹಾಡಿದರು, ಹೊತ್ತವರು ನಾವು. ಮಣ್ಣು ಕೊಟ್ಟು ಬಂದ ಮೇಲೆ ಅವರು ಅವನ ಮನೆ ಮುಂದಿನ ಕಟ್ಟೆಯ ಆ ಬದಿಗೆ, ನಾವು ಈ ಬದಿಗೆ ಕೂತೆವು.

ಹದಿನೈದು ದಿನಕ್ಕೆ ತಂಗೆವ್ವ ಬಸಗೊಂಡಪ್ಪನ ಕಡೆ ಹೋಗಲು ಸಾಮಾನು ಕಟ್ಟಿದಳು. ಟೆಂಪೊಗೆ ಏರಿಸಿ ಕೊಡಲು ಹೋಗಿದ್ದೆ. ಕೊನೆಯ ಗಂಟು ಇಟ್ಟ ಮೇಲೆ, ಮೊದಲ ಗ್ಲಾಸು ಅವನ ಕೈಗೆ ಕೊಟ್ಟವನು ನಾನೇ ಎಂದು ಹೇಳಿಬಿಟ್ಟೆ. ಅವಳಿಗೆ ಗೊತ್ತಿತ್ತು.

“ಅವರಿಗೆ ಬೇಕಾಗಿದ್ದು ಕುಡಿಯೂ ಸೆರೆ ಅಲ್ಲರಿ ಅಣ್ಣಾರ,” ಅಂದಳು. “ಮಂದಿ ಬೇಕಾಗಿತ್ತು. ನೀವು ಬರ್ತೇನಿ ಅಂದು ಹೋದ್ರಿ. ಎಂಟು ದಿನ ಅವರು ಎರಡು ಕಪ್ ಚಾ ಮಾಡಿಸ್ಯಾರ.”

ಅವಳು ಕಾವ್ಯಳನ್ನು ಮುಂದೆ ಕೂರಿಸಿಕೊಂಡಳು. ಟೆಂಪೊ ಹೋಯಿತು.

ಕಾವ್ಯ ಈಗ ಅಲ್ಲಿನ ಶಾಲೆಗೆ ಹೋಗುತ್ತಾಳಂತೆ. ನಾನು ಹೋಗಿ ನೋಡಿಲ್ಲ. ಗಿಡದ ಕಡೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿದ್ದೇನೆ ಎಂದು ಹೇಳಿದರೆ ಸುಳ್ಳಾಗುತ್ತದೆ.