ಅಲುಗದ ಬೆಳಕು

ಸಂಜೆ ಲೈಟು ಹಾಕಿದ ಕೂಡಲೇ ಆಂಜಿನಪ್ಪನವರಿಗೆ ಅದೇನಾಗುತ್ತಿತ್ತೋ, ಕೂತಲ್ಲಿ ಕೂರುತ್ತಿರಲಿಲ್ಲ. ಹಜಾರದಿಂದ ಜಗಲಿಗೆ, ಜಗಲಿಯಿಂದ ಹಜಾರಕ್ಕೆ. ಮುದ್ದೆ ಮುರಿದು ಎರಡು ತುತ್ತು ನುಂಗುವಷ್ಟರಲ್ಲಿ ಎದ್ದುಬಿಡುವರು. ಅತ್ತೆ ಶ್ಯಾಮಲಮ್ಮ ಮಗಳ ಬಾಣಂತನಕ್ಕೆಂದು ಟೇಕಲ್‌ಗೆ ಹೋಗಿದ್ದರಿಂದ, ಯಲ್ದೂರಿನ ಮನೆಯಲ್ಲಿ ಮಾವನ ಚಡಪಡಿಕೆ ನೋಡುವ ಪಾಡು ಸೊಸೆ ಸುನಂದಳದಾಗಿತ್ತು.

"ವಯಸ್ಸಾಯ್ತು, ಬಿಡೇ" ಅಂದ ಗಂಡ ಶ್ರೀಧರ.

ಸುನಂದ ಬಿಡುವವಳಲ್ಲ. ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದ ಅವಳಿಗೂ ಆ ಬೆಳಕಲ್ಲಿ ತಲೆ ಸಿಡಿಯುತ್ತಿತ್ತು. ಒಂದು ಸಂಜೆ ಹೊಲಿದ ಬ್ಲೌಸನ್ನು ಗಿರಾಕಿಗೆ ತೋರಿಸೋಣವೆಂದು ವಿಡಿಯೊ ಮಾಡಿದರೆ, ಬಟ್ಟೆ ತುಂಬ ಕಪ್ಪು ಪಟ್ಟೆಗಳು ಹರಿದಾಡಿದವು. ಫೋನನ್ನು ಬಲ್ಬಿನ ಕಡೆ ತಿರುಗಿಸಿದಳು. ಅಲ್ಲೂ ಅದೇ. ಬಲ್ಬು ಒಳಗೊಳಗೇ ಮಿಣುಕುತ್ತಿತ್ತು. ಸುತ್ತಲ ತೋಟಗಳಲ್ಲಿ ಪಂಪು ಶುರುವಾಗಿ ವೋಲ್ಟೇಜು ಇಳಿದಾಗಂತೂ ಬರಿಗಣ್ಣಿಗೇ ಕಾಣುವಂತೆ ಪಟಪಟನೆ ಬಡಿದುಕೊಳ್ಳುತ್ತಿತ್ತು.

"ಮಾವನ ತಲೆ ಕೆಟ್ಟಿಲ್ಲ ಕಣ್ರೀ, ಬಲ್ಬು ಕೆಟ್ಟಿರೋದು!"

ಮರುದಿನವೇ ಶ್ರೀನಿವಾಸಪುರಕ್ಕೆ ಹೋಗಿ ವೆಂಕಟರಾಯಪ್ಪನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಿಂತಳು. ಅವನು ಉರಿಸಿ ತೋರಿಸಿದ ಬಲ್ಬಿಗೆಲ್ಲ ಫೋನು ಹಿಡಿದು, ಪಟ್ಟೆ ಕಂಡರೆ "ಬೇಡ, ಇನ್ನೊಂದು" ಅನ್ನುವಳು.

"ಏಮಮ್ಮಾ, ಹೆಣ್ಣು ನೋಡೋ ಶಾಸ್ತ್ರನೂ ಇಷ್ಟು ಹೊತ್ತು ನಡೆಯಲ್ವಲ್ಲ!"

"ನಮ್ಮೂರ ಕರೆಂಟು ನಿಮಗೆ ಗೊತ್ತಿಲ್ವಾ? ಒಂದು ಗಳಿಗೆ ಬೀಳುತ್ತೆ, ಇನ್ನೊಂದು ಗಳಿಗೆ ಏರಿ ಸುಟ್ಟು ಹಾಕುತ್ತೆ. ಎರಡನ್ನೂ ತಡ್ಕೊಳ್ಳೋದು ಕೊಡಿ."

ವೆಂಕಟರಾಯಪ್ಪ ನಗುತ್ತಾ ಒಳಗಿಂದ ಬೇರೆ ಡಬ್ಬಿಗಳನ್ನು ತಂದ. ನೂರರಿಂದ ಮುನ್ನೂರು ವೋಲ್ಟಿನವರೆಗೆ ತಡೆಯುತ್ತದೆ, ಎರಡು ವರ್ಷ ವಾರಂಟಿ ಎಂದು ಡಬ್ಬಿಯ ಮೇಲೇ ಅಚ್ಚಾಗಿತ್ತು. ಫೋನಿನಲ್ಲಿ ಒಂದು ಪಟ್ಟೆಯೂ ಮೂಡಲಿಲ್ಲ. ಹಜಾರಕ್ಕೆಂದು, ಕರೆಂಟು ಹೋದರೂ ಒಳಗಿನ ಬ್ಯಾಟರಿಯಿಂದ ಉರಿಯುವ ಬಲ್ಬೊಂದನ್ನು ಆಯ್ದುಕೊಂಡು, ಬಿಲ್ಲಿಗೆ ಅಂಗಡಿ ಸೀಲು ಹಾಕಿಸಿಕೊಂಡೇ ಹೊರಟಳು.

ಆ ಸಂಜೆ ಪಂಪುಗಳು ಶುರುವಾದವು. ಫ್ಯಾನು ಸೋತು ತಿರುಗಿತು, ಬಲ್ಬು ಅಲುಗಲಿಲ್ಲ. ಕರೆಂಟೇ ಹೋಯಿತು, ಹಜಾರ ಬೆಳಗುತ್ತಲೇ ಇತ್ತು. ಸುನಂದ ಹೆಮ್ಮೆಯಿಂದ ಬಿಸಿ ಮುದ್ದೆ ಬಡಿಸಿದಳು. ಆಂಜಿನಪ್ಪ ತುಸು ಉಂಡರು. ಮತ್ತೆ ಎದ್ದು ಜಗಲಿಗೆ ನಡೆದರು.

ಅವಳಿಗೆ ಅಳುವೇ ಬಂತು. "ಮಾವ, ಬೆಳಕು ಸರಿಹೋಗಲಿಲ್ವಾ?"

"ಬೆಳಕಿಗೇನಮ್ಮಾ, ಹಾಲು ಚೆಲ್ಲಿದಂಗಿದೆ. ಕಣ್ಣುರಿ ನಿಂತೋಯ್ತು." ಟವೆಲ್ಲಿನ ಅಂಚು ಹಿಂಡುತ್ತಾ ರಸ್ತೆ ಕಡೆ ನೋಡಿದರು. "ನಿಮ್ಮತ್ತೆ... ಬರ್ತೀನಿ ಅಂತ ಏನಾದ್ರೂ ಹೇಳಿದ್ಲಾ?"

ಸುನಂದ ತುಟಿ ಕಚ್ಚಿ ನಗು ನುಂಗಿದಳು. ಇಷ್ಟು ದಿನ ಇದೊಂದು ಮಾತು ಯಾರ ತಲೆಗೂ ಹೊಳೆದಿರಲಿಲ್ಲ! ಕೂಡಲೇ ಟೇಕಲ್‌ಗೆ ಫೋನು ಮಾಡಿದಳು.

"ಅವರೇನು ಎಳೇ ಮಗೂನಾ?" ಶ್ಯಾಮಲಮ್ಮ ರೇಗಿದರು. ಆಮೇಲೆ ದನಿ ಇಳಿಸಿ, "ನಾಳೆ ಮೊದಲನೇ ಬಸ್ಸಿಗೇ ಕಳಿಸು. ನನಗೂ ಇಲ್ಲಿ ಹೊತ್ತು ಹೋಗ್ತಿಲ್ಲ" ಎಂದರು.

ಬೆಳಿಗ್ಗೆ ಆಂಜಿನಪ್ಪ ಕಾಫಿ ಆರುವವರೆಗೂ ಕಾಯಲಿಲ್ಲ. "ಬಸ್ಸಿಗಿನ್ನೂ ಹೊತ್ತಿದೆ ಅಪ್ಪಾ" ಎಂದು ಶ್ರೀಧರ ಕೂಗುತ್ತಿದ್ದಂತೆಯೇ, ಹೊಸ ಪಂಚೆಯುಟ್ಟು ಅಂಗಳ ದಾಟಿಬಿಟ್ಟಿದ್ದರು.