ಹೇಗಿದೆ ಎಂದು ಕೇಳದ ದರ್ಜಿ

ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ ಗಿರಾಕಿಯ ಮುಖವನ್ನು ನನ್ನ ಷಡ್ಡಕ ಒಂದು ದಿನವೂ ನೋಡಿದವನಲ್ಲ. ಆತ ನೋಡುತ್ತಿದ್ದದ್ದು ಬೆನ್ನನ್ನು. ಗಿರಾಕಿ ಮೆಟ್ಟಿಲಿಳಿದು ಬೀದಿಗೆ ಹೋದ ಮೇಲೆ ಎದ್ದು, ಎರಡು ಹೊಲಿಗೆ ಯಂತ್ರಗಳ ನಡುವಿನ ಇಕ್ಕಟ್ಟಿನಲ್ಲಿ ಏಡಿಯಂತೆ ಅಡ್ಡಡ್ಡ ನಡೆದು ಹೊಸ್ತಿಲಿಗೆ ಬಂದು, ಆ ಬೆನ್ನು ತಿರುವಿನಲ್ಲಿ ಮರೆಯಾಗುವ ತನಕ ಕಣ್ಣು ಕಿರಿದಾಗಿಸಿ ನಿಂತಿರುತ್ತಿದ್ದ. ಭುಜದ ಬಳಿ ಒಂದು ಸುಕ್ಕು ಕಂಡರೆ ಆ ದಿನದ ಊಟ ಅವನಿಗೆ ಸೇರುತ್ತಿರಲಿಲ್ಲ.

"ಮುಖಕ್ಕೆ ದಾಕ್ಷಿಣ್ಯ ಇರತ್ತೆ ಷಡ್ಡಕರೇ. ಬೆನ್ನಿಗೆ ಎಲ್ಲಿಂದ ಬರಬೇಕು?" ಎನ್ನುವನು.

"ಹೇಗಿದೆ?" ಎಂದು ಬಾಯಿಬಿಟ್ಟು ಕೇಳುವುದು ಅವನ ಪಾಲಿಗೆ ಕೈಯೊಡ್ಡಿದಷ್ಟೇ ಅವಮಾನ. ನನ್ನ ಮದುವೆಯ ಕೋಟನ್ನು ಹೊಲಿದವನೂ ಅವನೇ, ಇಂದಿಗೂ ಕೇಳಿಲ್ಲ. ಊರಿಗೆಲ್ಲ ಹೊಲಿಯುವ ಮನುಷ್ಯನ ಮೈಮೇಲೆ ಮಾತ್ರ ಗುಂಡಿಗೊಂದು ಬಣ್ಣದ ತೋಳಿಲ್ಲದ ಹಳೆಯ ಕೋಟು, ಅದರ ಜೇಬಿನ ತುಂಬ ಸೀಮೆಸುಣ್ಣದ ಚೂರುಗಳು. ಅವನು ಕೂತೆದ್ದ ಕುರ್ಚಿಯಲ್ಲಿ ಇನ್ನೊಬ್ಬ ಕೂತರೆ ಬೆಳ್ಳಗಾಗಿಯೇ ಏಳಬೇಕು. ಯಾವ ವಾದ ಬಂದರೂ "ಅಲ್ಲಿಗೆ ಮುಗೀತು" ಎಂದು ಕೈ ಕೊಡವುತ್ತಿದ್ದ. ಹಾಗೆಂದ ಮೇಲೆಯೇ ಅವನ ಮಾತು ನಿಜವಾಗಿ ಶುರುವಾಗುತ್ತಿದ್ದದ್ದು.

ಸಿದ್ಧ ಉಡುಪಿನ ಅಂಗಡಿಗಳು ಬೀದಿ ತುಂಬಿದಾಗ ಹೊಸ್ತಿಲಲ್ಲಿ ನಿಂತು ನೋಡಲು ಬೆನ್ನುಗಳೇ ಇಲ್ಲವಾದವು. ಒಂದು ವರ್ಷ ಅವನು ನೊಣ ಓಡಿಸುತ್ತ, ಯಂತ್ರಗಳಿಗೆ ಸುಮ್ಮನೆ ಎಣ್ಣೆ ಬಿಡುತ್ತ ಮಂಕಾಗಿ ಕೂತಿದ್ದ. ಕಡೆಗೆ ಅವನ ಸೊಸೆ ಟೊಂಕ ಕಟ್ಟಿದಳು. ಅವನ ಕೋಟುಗಳ ಚಿತ್ರ ತೆಗೆದು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಅಂಗಡಿ ತೆರೆದಳು. ಗಿರಾಕಿ ತನ್ನ ಮನೆಯಲ್ಲೇ ಎದೆ, ಭುಜ, ಉದ್ದ ಅಳೆದು ಬರೆದು ಕಳಿಸಬೇಕು. ಇವನು ಹೊಲಿದು ಕಳಿಸಬೇಕು. ತಿಂಗಳೊಪ್ಪತ್ತಿನಲ್ಲಿ ಎರಡೂ ಯಂತ್ರಗಳು ಗಿರಗಿರನೆ ತಿರುಗತೊಡಗಿ, ಮನುಷ್ಯನಿಗೆ ಹತ್ತು ವರ್ಷ ಕಡಿಮೆಯಾದಂತಾಯಿತು.

ಅಷ್ಟರಲ್ಲಿ ಕೋಟುಗಳು ಹೋದ ದಾರಿಯಲ್ಲೇ ಹಿಂದಿರುಗಿ ಬರಲು ಶುರುವಾದವು. ಯಾಕೆಂದು ಯಾರೂ ಬರೆಯುತ್ತಿರಲಿಲ್ಲ. ಮಾರುಕಟ್ಟೆಯವರಿಂದ ಎಚ್ಚರಿಕೆ ಬಂತು: ಬರುವ ತಿಂಗಳೂ ಇಷ್ಟೇ ಮಾಲು ವಾಪಸಾದರೆ ನಿಮ್ಮ ಅಂಗಡಿಯನ್ನು ತೆಗೆದುಹಾಕುತ್ತೇವೆ. ಅದನ್ನು ಸೊಸೆ ಓದಿ ಹೇಳಿದಾಗ ನಾನು ಅಲ್ಲೇ ಇದ್ದೆ. ಷಡ್ಡಕ ಎಣ್ಣೆಯ ಡಬ್ಬಿಯತ್ತ ನೋಡಿದ ನೋಟದಲ್ಲಿ ಆ ಮಂಕು ವರ್ಷ ಪೂರ್ತಿ ಕಂಡಿತು. ಬಾಯಿ ಮಾತ್ರ ಸೋಲಲಿಲ್ಲ.

"ಅಳತೆ ತಗೊಳ್ಳೋಕೆ ಬರದ ಜನ. ಹೊಟ್ಟೆ ಒಳಗೆಳ್ಕೊಂಡು ಟೇಪು ಸುತ್ತಿರ್ತಾರೆ. ಅಲ್ಲಿಗೆ ಮುಗೀತು."

"ಕೇಳೇಬಿಡೋಣ ಮಾವ."

"ಕೇಳೋದಾ? ನಾನಾ?"

"ನೀವ್ಯಾಕೆ ಕೇಳ್ತೀರಿ, ಫೋನು ಕೇಳತ್ತೆ. ಕೋಟು ತಲುಪಿದ ಮಾರನೇ ದಿನ ಎರಡೇ ಪ್ರಶ್ನೆ. ಖುಷಿಯಾಯ್ತಾ? ಇಲ್ಲ ಅಂದ್ರೆ ಎಲ್ಲಿ ತೊಂದರೆ? ಬಿಗೀನಾ, ಸಡಿಲಾನಾ, ಉದ್ದಾನಾ, ಗಿಡ್ಡಾನಾ? ಬೆರಳಲ್ಲಿ ಒತ್ತಿದ್ರೆ ಆಯ್ತು, ಬೇರೇನಾದ್ರೂ ಇದ್ರೆ ಒಂದು ಸಾಲು ಬರೀಬಹುದು. ಅರ್ಧ ನಿಮಿಷ."

"ನಾನು ನಾಲ್ಕು ದಿನ ಕೂತು ಹೊಲಿದಿದ್ದಕ್ಕೆ ಅವರದ್ದು ಅರ್ಧ ನಿಮಿಷದ ತೀರ್ಪು!"

"ಮೂರು ಪುಟ ಕಳಿಸಿದ್ರೆ ಯಾರೂ ಮುಟ್ಟಲ್ಲ ಮಾವ. ನಿಮಗೆ ಬಂದ ಬ್ಯಾಂಕಿನ ಕಾಗದಾನ ಇವತ್ತಿನವರೆಗೂ ನೀವು ಬಿಡಿಸಿದ್ದೀರಾ?"

ನಾನು ನಕ್ಕುಬಿಟ್ಟೆ. ಅವನು ನನ್ನನ್ನು ಕತ್ತರಿ ಹಿಡಿದೇ ನೋಡಿದ.

ಹದಿನೈದು ದಿನಕ್ಕೆ ಇಪ್ಪತ್ತಾರು ಉತ್ತರ ಬಂದವು. ಹತ್ತೊಂಬತ್ತು ಮಂದಿ ಒತ್ತಿದ್ದು ಒಂದೇ ಕಡೆ: ಸಡಿಲ.

"ಹೊಟ್ಟೆ ಎಳ್ಕೊಂಡು ಅಳೆದಿದ್ರೆ ಬಿಗಿ ಆಗಬೇಕಿತ್ತಲ್ಲ ಮಾವ? ಒಬ್ಬರ ಮುಖ ಒಬ್ಬರು ನೋಡದೋರು. ಎಲ್ಲರೂ ಸೇರಿ ಮಾತಾಡ್ಕೊಂಡು ಒತ್ತಿರ್ತಾರಾ?"

ಅವನು "ಅಲ್ಲಿಗೆ" ಎಂದವನು "ಮುಗೀತು" ಎನ್ನಲಿಲ್ಲ. ಪಕ್ಕದ ಬಡಗಿಯಿಂದ ಉಕ್ಕಿನ ಟೇಪು ತರಿಸಿ ಮೇಜಿನ ಮೇಲೆ ಎಳೆದ. ಅದರ ಮಗ್ಗುಲಿಗೆ ತನ್ನ ಕೊರಳಲ್ಲಿದ್ದ ಬಟ್ಟೆಯ ಟೇಪನ್ನು ಹಾಸಿದ. ಬಟ್ಟೆಯ ನಲವತ್ತು ಉಕ್ಕಿನ ನಲವತ್ತೊಂದರ ಪಕ್ಕ ಹೋಗಿ ಕೂತಿತು! ಮೂವತ್ತು ವರ್ಷ ಎಳೆಸಿಕೊಂಡು ಎಳೆಸಿಕೊಂಡು ಅದು ಒಂದಿಂಚು ಬೆಳೆದುಬಿಟ್ಟಿತ್ತು. ಅಂಗಡಿಗೆ ಬಂದವರ ಮೈಯನ್ನೂ ಬಟ್ಟೆಯನ್ನೂ ಅದೇ ಟೇಪು ಅಳೆಯುತ್ತಿದ್ದುದರಿಂದ ತಪ್ಪಿಗೆ ತಪ್ಪು ಸರಿಹೋಗಿ, ಕೋಟು ಮೈಗೆ ಕೂರುತ್ತಿತ್ತು. ಆನ್‌ಲೈನ್ ಗಿರಾಕಿಗಳು ಅಳೆದದ್ದು ಅವರವರ ಟೇಪಿನಲ್ಲಿ.

ಅವನು ಕುಗ್ಗಿಹೋಗುತ್ತಾನೆಂದು ನಾನೂ ಸೊಸೆಯೂ ಅಂದುಕೊಂಡೆವು. ಅವನೋ ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದ.

"ನೋಡಿ ಷಡ್ಡಕರೇ, ನಾನೂ ಈ ಕಳ್ಳನೂ ಸೇರಿ ಇಷ್ಟು ವರ್ಷ ಊರನ್ನೇ ತಪ್ಪು ಅಳೆದಿದ್ದೀವಿ, ಒಬ್ಬರಾದ್ರೂ ಬಾಯಿ ಬಿಟ್ರಾ?"

"ಕೇಳಿದ್ರೆ ತಾನೇ ಬಿಡೋದು?" ಎಂದಳು ಸೊಸೆ.

ಮಾರನೆಯ ದಿನವೇ ಹೊಸ ಟೇಪು ಬಂತು. ಗಡುವು ಕೊಟ್ಟಿದ್ದ ಮುಂದಿನ ತಿಂಗಳು ಹಿಂದಿರುಗಿದ್ದು ಒಂದೇ ಕೋಟು, ಅದೂ ಬಣ್ಣ ಒಗ್ಗಲಿಲ್ಲವೆಂದು. ಅಂಗಡಿ ಉಳಿಯಿತು. ಈಗ ಬೆಳಿಗ್ಗೆ ಎದ್ದವನೇ "ಏನಮ್ಮಾ, ಏನಂತಾರೆ?" ಎಂದು ಸೊಸೆಯ ಬೆನ್ನು ಹತ್ತುತ್ತಾನೆ. "ಎಂಟು ಜನ ನಗೋ ಮುಖ ಒತ್ತಿದ್ದಾರೆ ಮಾವ" ಎಂದರೆ, "ಅದನ್ನ ಬಿಡು, ಮುಖ ಗಂಟು ಹಾಕ್ಕೊಂಡೋರನ್ನ ಓದು" ಎನ್ನುತ್ತಾನೆ. ಮೊನ್ನೆ ಯಾರೋ ಜೇಬು ಆಳ ಸಾಲದೆಂದು ಬರೆದಿದ್ದರಂತೆ. ಹಬ್ಬದೂಟಕ್ಕೆ ಕರೆ ಬಂದವನಂತೆ ಅರಳಿಹೋದ.

ಬಿಗುಮಾನದ ಕೆಲಸಗಾರರನ್ನು ನಾವು ಮೆಚ್ಚುಗೆಗೆ ಹಸಿದವರೆಂದು ಭಾವಿಸಿ, ದೋಷವನ್ನು ಮುಚ್ಚಿಟ್ಟು ಹೊಗಳಿಕೆಯನ್ನಷ್ಟೇ ಬಡಿಸುತ್ತೇವೆ. ಅವರು ನಿಜವಾಗಿ ಹಸಿದಿರುವುದು ಎಲ್ಲಿ ತಪ್ಪಿದೆ ಎಂಬ ಒಂದು ಖಚಿತ ಮಾತಿಗೆ. ಅದನ್ನು ಕೇಳಲು ಅವರಿಗೆ ನಾಲಿಗೆ ಏಳುವುದಿಲ್ಲ, ಹೇಳಲು ನಮಗೆ ಮನಸ್ಸು ಬರುವುದಿಲ್ಲ. ಹೀಗೆ ಎದುರುಬದುರು ನಿಂತು ಒಂದು ಆಯುಷ್ಯವನ್ನೇ ಸೌಜನ್ಯದಲ್ಲಿ ಕಳೆದುಬಿಡುತ್ತೇವೆ. ಆ ಮೌನವನ್ನು ಮುರಿಯಲು ಬೇಕಾದದ್ದು ಅಪರಿಚಿತರ ಬೆರಳ ತುದಿಯ ಅರ್ಧ ನಿಮಿಷವಾದರೆ, ಅದು ಸಣ್ಣ ಉಪಕಾರವೇನೂ ಅಲ್ಲ.