ಪಿಟೀಲಿನ ಹಿಂದಿನ ದನಿ

ಎದುರಿಗೆ ಯಾರಾದರೂ ಮಾತಾಡತೊಡಗಿದರೆ ನನ್ನ ಸೋದರಮಾವನ ತೋರುಬೆರಳು ತಾನಾಗಿ ಮೇಜಿನ ಮೇಲೆ ಮೆಲ್ಲನೆ ಹಿಂದಕ್ಕೆ ಸರಿಯುತ್ತಿತ್ತು, ಆ ದನಿಯನ್ನು ಅಲ್ಲೇ ಇಳಿಸುವಂತೆ. ಹಾಡುಗಳ ಧ್ವನಿಮುದ್ರಣ ಮಾಡುತ್ತ, ದನಿ ಏರಿಸಿ ಇಳಿಸುವ ಮಿಕ್ಸರಿನ ಹಿಡಿಗಳನ್ನು ಜೀವಮಾನವಿಡೀ ಸರಿಸಿದ ಬೆರಳು ಅದು. "ಒಂಚೂರು ತಗ್ಗಲಿ" ಎಂಬುದು ಅವರ ನಿತ್ಯಜಪವಾಗಿದ್ದರಿಂದ ಗಾಯಕರೂ ವಾದಕರೂ ಬೆನ್ನ ಹಿಂದೆ ಅವರನ್ನು ತಗ್ಗಪ್ಪ ಎನ್ನುತ್ತಿದ್ದರು. ಹೆಸರು ಕಿವಿಗೆ ಬಿದ್ದ ದಿನ ಮಾವ ಸಿಟ್ಟಾಗಲಿಲ್ಲ. ಅದನ್ನೂ ಸ್ವಲ್ಪ ಮೆತ್ತಗೆ ಹೇಳಿ ಎಂದರಂತೆ.

ಕಿಟಕಿಯಿಲ್ಲದ ಕೋಣೆಯಲ್ಲಿ, ಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟಿನೊಳಗೆ, ಕತ್ತನ್ನು ಎಡಕ್ಕೆ ವಾಲಿಸಿ ಅವರು ಕೂತಿರುತ್ತಿದ್ದ ಭಂಗಿಯಲ್ಲಿ ಒಂದು ಬಗೆಯ ತಪಸ್ಸಿತ್ತು. ಅವರ ಟೇಪ್ ಯಂತ್ರಕ್ಕಿದ್ದುದು ನಾಲ್ಕೇ ಟ್ರ್ಯಾಕು, ಅಂದರೆ ದನಿಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ನಾಲ್ಕೇ ಸಾಲು. ಮೂರರಲ್ಲಿ ದನಿ ತುಂಬಿದ ಮೇಲೆ ಅವನ್ನು ಪಕ್ಕದ ಮಿಕ್ಸರಿಗೆ ಹಾಯಿಸಿ, ಒಂದರ ಹದಕ್ಕೆ ಇನ್ನೊಂದನ್ನು ಹೊಂದಿಸಿ, ನಾಲ್ಕನೆಯದರಲ್ಲಿ ಒಟ್ಟಾಗಿ ಇಳಿಸಿಕೊಳ್ಳಬೇಕು. ಆಮೇಲೆ ಮೊದಲಿನ ಮೂರನ್ನೂ ಅಳಿಸಿ ಹೊಸ ದನಿಗಳಿಗೆ ಜಾಗ ಮಾಡಬೇಕು. ಹಾಗೆ ಬೆರೆತದ್ದನ್ನು ಮತ್ತೆ ಬಿಡಿಸುವಂತಿಲ್ಲ. ಆದಕಾರಣ ಅಳಿಸುವ ಮುನ್ನ ಹಾಡಿದವರನ್ನೂ ನುಡಿಸಿದವರನ್ನೂ ಕೂರಿಸಿ ಕೇಳಿಸಿ, ಅವರು ಹೂಂ ಎಂದ ಮೇಲೆಯೇ ಮಾವ ಗುಂಡಿ ಒತ್ತುತ್ತಿದ್ದರು. ಈ ಮರ್ಯಾದೆಯನ್ನು ಅವರು ಯಾರಿಗೂ ತಪ್ಪಿಸಿದವರಲ್ಲ, ಅತ್ತೆಯೊಬ್ಬರನ್ನು ಬಿಟ್ಟು.

ಅತ್ತೆ ಹಾಡಿದರೆ ಪಕ್ಕದ ಮನೆಯವರು ನಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅವರ ಒಂದು ಹಾಡಿಗೆ ಪಿಟೀಲು, ಕೊಳಲು ಕೂಡಿದವು. ಹೆಂಡತಿಯನ್ನು ಮೆರೆಸಿದ ಎಂದು ನಾಲ್ಕು ಜನ ಆಡಿಕೊಂಡಾರೆಂಬ ಅಳುಕಿನಲ್ಲಿ ಮಾವ ಆ ದನಿಯನ್ನು ಇಳಿಸಿದರು, ಇನ್ನಷ್ಟು ಇಳಿಸಿದರು. ಪಿಟೀಲಿನವರಿಗೆ ಕೇಳಿಸಿದರು, ಕೊಳಲಿನವರಿಗೆ ಕೇಳಿಸಿದರು. ಅತ್ತೆ ಆಗಲೇ ಮನೆಗೆ ಹೊರಟುಹೋಗಿದ್ದರು. ಮನೆಯವಳನ್ನು ಕೇಳುವುದೇನು ಎಂದು ಮೂರನ್ನೂ ಅಳಿಸಿ, ಆ ಜಾಗದಲ್ಲಿ ಮೇಳದವರ ದನಿ ತುಂಬಿದರು.

ಸಿದ್ಧವಾದ ಹಾಡನ್ನು ಅತ್ತೆ ಕೊನೆಯತನಕ ಕೇಳಿದರಂತೆ.

"ಇದ್ರಲ್ಲಿ ನಾನೆಲ್ಲಿದ್ದೀನಿ?"

"ಇದ್ದೀಯಲ್ಲ, ಪಿಟೀಲಿನ ಹಿಂದೆ."

ಅತ್ತೆ ಜಗಳವಾಡಲಿಲ್ಲ. ಮುಂದೆ ಹಾಡಲು ಕರೆದಾಗಲೆಲ್ಲ ಮನೆಯಲ್ಲಿ ಕೆಲಸವಿದೆ ಎಂದರು. ಮಾವನೂ ಒತ್ತಾಯಿಸಲಿಲ್ಲ, ಸಿಟ್ಟು ಇಳಿಯಲಿ, ನೋಡೋಣ ಎಂದುಕೊಂಡರು. ಅಷ್ಟರಲ್ಲಿ ಅತ್ತೆಯ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಉಳಿದದ್ದು ಪಿಸುಮಾತು ಮಾತ್ರ.

ನಿವೃತ್ತರಾದ ಮೇಲೆ ಮಾವ ಆ ಹಳೆಯ ಯಂತ್ರವನ್ನೂ ಮಿಕ್ಸರನ್ನೂ ಊಟದ ಮೇಜಿಗೇ ತಂದಿಟ್ಟುಕೊಂಡರು. ಅತ್ತೆ ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದರು. ಮಾವ ಅದೇ ಹಾಡನ್ನು ತಿರುಗಿಸುವುದು, ಒಂದು ಹಿಡಿ ಏರಿಸುವುದು, ಇನ್ನೊಂದು ಇಳಿಸುವುದು, ಮತ್ತೆ ಮೊದಲಿನಿಂದ. "ಅವಳನ್ನ ಎತ್ತಿದ್ರೆ ಪಿಟೀಲೂ ಜೊತೇಲೇ ಏಳುತ್ತೆ ಕಣೋ" ಎಂದರು ಒಂದು ಮಧ್ಯಾಹ್ನ ನನ್ನ ಮುಖ ನೋಡದೆ.

ಆಗಲೇ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಅವರ ಪಕ್ಕ ಕೂತರು. ಹಾಡು ಮುಗಿದ ಮೇಲೆ, ನಾವು ಬಾಗಿ ಕೇಳಿಸಿಕೊಳ್ಳಬೇಕಾದ ಆ ಉಸಿರಿನಲ್ಲಿ ಹೇಳಿದರು: "ಬಿಟ್ಬಿಡಿ. ಮೆತ್ತಗಿದ್ದಿದ್ದಕ್ಕಲ್ಲ ನಂಗೆ ಬೇಜಾರು. ಅವತ್ತು ನನ್ನೂ ಒಂದ್ಮಾತು ಕೇಳಿದ್ರೆ ನಾನೂ ಹೂಂ ಅಂತಿದ್ದೆ."

ಮಾವನ ಕಣ್ಣು ತುಂಬಿತು. ನನಗಂತೂ ಅಲ್ಲಿ ಕೂತಿರಲಾಗಲಿಲ್ಲ.

ಹೊರಗಿನವರಿಗೆ ಕೂದಲೆಳೆಯಷ್ಟೂ ಅನ್ಯಾಯವಾಗಬಾರದೆಂದು ಒದ್ದಾಡುವ ಇಂಥ ಸಜ್ಜನರನ್ನು ನಾನು ಬೇರೆಡೆಯೂ ಕಂಡಿದ್ದೇನೆ. ಅವರ ತಕ್ಕಡಿ ನೇರವಾಗಿಯೇ ಇರುತ್ತದೆ. ಮನೆಯವರನ್ನು ಮಾತ್ರ ಅದರಲ್ಲಿ ಕೂರಿಸುವುದಿಲ್ಲ. ನಮ್ಮವರು ತಾನೆ, ಅರ್ಥಮಾಡಿಕೊಳ್ಳುತ್ತಾರೆ ಎಂಬ ಧೈರ್ಯ ಅವರಿಗೆ. ನಮ್ಮವರು ಅರ್ಥಮಾಡಿಕೊಳ್ಳುತ್ತಾರೆ ಕೂಡ. ಅದಕ್ಕೇ ಇವರ ತಪ್ಪು ಇವರಿಗೆ ಗೊತ್ತಾಗುವುದು ಅಷ್ಟು ತಡವಾಗುತ್ತದೆ.